ಹನ್ನೆರಡು ಆಲ್ಬಮ್, ಒಂದು ರಾತ್ರಿ

ಹಿಂದೋಳ ರಾಗದ ‘ಮಾಮವತು’ ಕೃತಿಯನ್ನು ನಮ್ಮಲ್ಲಿ ಸಂಗೀತ ಕಲಿತವರಿಗೆ ಪರಿಚಯಿಸಬೇಕಾಗಿಲ್ಲ. ಗೀತೆ, ವರ್ಣ ಮುಗಿಸಿ ಕೃತಿಗಳಿಗೆ ಬಂದ ಮಕ್ಕಳು ಬೇಗ ಕಲಿಯುವ ಕೃತಿಗಳಲ್ಲಿ ಅದೂ ಒಂದು. ನವರಾತ್ರಿ ಬಂತೆಂದರೆ, ಶಾರದಾ ಪೂಜೆ ಬಂತೆಂದರೆ ಯಾವುದೋ ಮನೆಯ ಒಳಗಿನಿಂದ, ಯಾವುದೋ ಶಾಲೆಯ ವೇದಿಕೆಯಿಂದ ಅದು ಕೇಳಿಬರುತ್ತದೆ. ರಿಷಭವಿಲ್ಲ, ಪಂಚಮವಿಲ್ಲ, ಉಳಿದ ಐದೇ ಸ್ವರಗಳಲ್ಲಿ ಮೈಸೂರು ವಾಸುದೇವಾಚಾರ್ಯರು ಸರಸ್ವತಿಗೆ ಕಟ್ಟಿದ ಪುಟ್ಟ ಗುಡಿ ಅದು. 1865ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಪಾಠ ಹೇಳಿಸಿಕೊಂಡು, ಅರಮನೆಯ ಆಸ್ಥಾನ ವಿದ್ವಾಂಸರಾಗಿ, ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿ ಶಿಷ್ಯರಿಗೆ ಹೇಳಿಕೊಟ್ಟು, 1961ರಲ್ಲಿ ತೀರಿಕೊಂಡರು ಆಚಾರ್ಯರು.

ಅವರು ಹೋಗಿ ನಲವತ್ತು ವರ್ಷವಾದ ಮೇಲೆ ಆ ಕೃತಿ ಬ್ರಿಟನ್ನಿನ ‘ವರ್ಷದ ಆಲ್ಬಮ್’ ಸ್ಪರ್ಧೆಯ ಅಂತಿಮ ಪಟ್ಟಿಯವರೆಗೂ ಹೋಗಿಬಂತು. ಹಾಡಿದವರು ಸುಶೀಲಾ ರಾಮನ್. ಲಂಡನ್ನಿನಲ್ಲಿ ತಮಿಳು ತಂದೆತಾಯಿಗೆ ಹುಟ್ಟಿ, ಎಳವೆಯಲ್ಲೇ ಆಸ್ಟ್ರೇಲಿಯಕ್ಕೆ ಹೋಗಿ, ಅಲ್ಲಿ ಮನೆಯವರ ಒತ್ತಾಸೆಯಿಂದ ಕರ್ನಾಟಕ ಸಂಗೀತ ಕಲಿತು, ಆಮೇಲೆ ರಾಕ್, ಬ್ಲೂಸ್ ಎಂದು ಸುತ್ತಾಡಿ ಮತ್ತೆ ಲಂಡನ್ನಿಗೆ ಬಂದ ಗಾಯಕಿ. 2001ರಲ್ಲಿ ಬಂದ ಅವರ ಮೊದಲ ಆಲ್ಬಮ್ ‘ಸಾಲ್ಟ್ ರೈನ್’. ತ್ಯಾಗರಾಜರು ಅದರಲ್ಲಿದ್ದಾರೆ, ದೀಕ್ಷಿತರು ಇದ್ದಾರೆ, ಅವರ ಜೊತೆಯಲ್ಲೇ ನಮ್ಮ ವಾಸುದೇವಾಚಾರ್ಯರೂ ಇದ್ದಾರೆ. ಗಿಟಾರಿನ ಸುತ್ತು, ತಾಳವಾದ್ಯಗಳ ಲಯ, ಅದರ ಮೇಲೆ ದಪ್ಪನೆಯ, ಸ್ವಲ್ಪ ಹೊಗೆಯಾಡುವಂಥ ಕಂಠ. ನಮ್ಮ ಕಛೇರಿಯ ಸಂಪ್ರದಾಯಕ್ಕೆ ಒಗ್ಗಿದ ಕಿವಿ ಮೊದಲು ಹಿಂಜರಿಯುತ್ತದೆ. ನಾನೂ ಹಿಂಜರಿದೆ. ಮೂರನೆಯ ಸಲ ಕೇಳುವಾಗ ಹಿಂದೋಳ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ.

ಆ ಆಲ್ಬಮನ್ನು ಹನ್ನೆರಡರ ಪಟ್ಟಿಗೆ ಸೇರಿಸಿದ್ದು ಮರ್ಕ್ಯುರಿ ಪ್ರೈಜ್. ಬ್ರಿಟನ್ ಮತ್ತು ಐರ್ಲೆಂಡಿನ ಕಲಾವಿದರ ಆಲ್ಬಮ್‌ಗಳಲ್ಲಿ ವರ್ಷಕ್ಕೊಂದನ್ನು ಆರಿಸಿ ಕೊಡುವ ಪ್ರಶಸ್ತಿ. ಹಾಡಿಗಲ್ಲ, ಹಾಡುಗಾರರಿಗಲ್ಲ, ಜೀವಮಾನದ ಸಾಧನೆಗೂ ಅಲ್ಲ. ಆಲ್ಬಮ್ಮಿಗೆ ಮಾತ್ರ. ಇಡೀ ಆಲ್ಬಮ್ಮಿಗೆ.

ಹೆಸರು ಕೇಳಿ ಬುಧಗ್ರಹ ನೆನಪಾದೀತು, ಕ್ವೀನ್ ತಂಡದ ಫ್ರೆಡಿ ಮರ್ಕ್ಯುರಿ ನೆನಪಾದಾನು. ಎರಡಕ್ಕೂ ಸಂಬಂಧವಿಲ್ಲ. ಮೊದಲ ಪ್ರಾಯೋಜಕತ್ವ ವಹಿಸಿದ್ದು ಮರ್ಕ್ಯುರಿ ಕಮ್ಯುನಿಕೇಷನ್ಸ್ ಎಂಬ ಟೆಲಿಫೋನ್ ಕಂಪನಿ. 1997ರಲ್ಲಿ ಆ ಕಂಪನಿ ಬೇರೊಂದರಲ್ಲಿ ವಿಲೀನವಾಗಿ ಹೆಸರೇ ಅಳಿಸಿಹೋಯಿತು. ಪ್ರಶಸ್ತಿಯ ಮೇಲೆ ಮಾತ್ರ ಉಳಿಯಿತು. ಶುರುವಾದದ್ದು 1992ರಲ್ಲಿ. ಅಲ್ಲಿನ ಕಾದಂಬರಿ ಲೋಕಕ್ಕೆ ಬೂಕರ್ ಇದ್ದಂತೆ ಸಂಗೀತಕ್ಕೂ ಒಂದು ಬೇಕು ಎಂಬ ಯೋಚನೆ ರೆಕಾರ್ಡ್ ಉದ್ಯಮದ ಜಾನ್ ವೆಬ್‌ಸ್ಟರ್ ಅವರದ್ದು. ಉದ್ಯಮದವರ ಯೋಚನೆ ಎಂದಮೇಲೆ ಅದರಲ್ಲಿ ವ್ಯಾಪಾರವೂ ಇತ್ತು. ಬೇಸಿಗೆಯಲ್ಲಿ ರೆಕಾರ್ಡ್ ಅಂಗಡಿಗಳಿಗೆ ಗಿರಾಕಿಗಳು ಕಡಿಮೆ. ಅಂಥ ಹೊತ್ತಿನಲ್ಲಿ ಜನ ಮಾತಾಡಿಕೊಳ್ಳುವುದಕ್ಕೆ, ಅಂಗಡಿಗೆ ಬರುವುದಕ್ಕೆ ಒಂದು ನೆಪ ಬೇಕಿತ್ತು. ಆ ನೆಪ ಮೂವತ್ತು ವರ್ಷ ದಾಟಿ ನಿಂತಿದೆ.

ಬೂಕರ್ ಎಂದರೆ ಈಗ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ವರ್ಷ ಲಾಂಗ್ ಲಿಸ್ಟ್, ಶಾರ್ಟ್ ಲಿಸ್ಟ್ ಎಂಬ ಮಾತುಗಳು ಹೋಟೆಲಿನ ಕಾಫಿ ಮೇಜಿಗೂ ಬಂದವು. ಮರ್ಕ್ಯುರಿಯ ಕ್ರಮವೂ ಸುಮಾರಾಗಿ ಅದೇ. ರೆಕಾರ್ಡ್ ಕಂಪನಿಗಳು, ಇಲ್ಲವೇ ಸ್ವಂತವಾಗಿ ಆಲ್ಬಮ್ ತಂದ ಕಲಾವಿದರು, ಶುಲ್ಕ ಕಟ್ಟಿ ತಮ್ಮ ಆಲ್ಬಮ್ ಕಳಿಸುತ್ತಾರೆ. ಇನ್ನೂರಕ್ಕೂ ಹೆಚ್ಚು ಬರುತ್ತವೆ. ಸಂಗೀತಗಾರರು, ರೇಡಿಯೊದವರು, ಪತ್ರಕರ್ತರು, ಸಂಗೀತೋತ್ಸವ ನಡೆಸುವವರು ಸೇರಿದ ಒಂದು ಸಣ್ಣ ತೀರ್ಪುಗಾರರ ತಂಡ ಅವುಗಳಿಂದ ಹನ್ನೆರಡನ್ನು ಆರಿಸುತ್ತದೆ. ಕೆಲವು ವಾರಗಳ ಮೇಲೆ ಸಮಾರಂಭ.

ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿಯಿದೆ. ಗೆದ್ದವರು ಯಾರು ಎಂಬುದು ಸಮಾರಂಭದ ರಾತ್ರಿಯವರೆಗೂ ಯಾರಿಗೂ ಗೊತ್ತಿರುವುದಿಲ್ಲ, ಏಕೆಂದರೆ ಅದು ನಿರ್ಧಾರವಾಗುವುದೇ ಆ ರಾತ್ರಿ. ಹೊರಗೆ ಪಟ್ಟಿಯಲ್ಲಿರುವ ತಂಡಗಳು ಒಂದರ ಹಿಂದೊಂದು ಹಾಡುತ್ತಿರುವಾಗ ಒಳಕೋಣೆಯಲ್ಲಿ ತೀರ್ಪುಗಾರರು ಎದುರುಬದುರು ಕೂತು ವಾದಿಸುತ್ತಿರುತ್ತಾರೆ. ಗ್ರ್ಯಾಮಿಯಲ್ಲಿ ಸಾವಿರಾರು ಸದಸ್ಯರು ತಂತಮ್ಮ ಮನೆಯಲ್ಲಿ ಕೂತು ಮತ ಹಾಕುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರ ಮನಸ್ಸು ಬದಲಾಗುವ ಪ್ರಸಂಗವೇ ಇಲ್ಲ. ಇಲ್ಲಿ ಜಾಝ್ ಪ್ರಿಯರು ರ‍್ಯಾಪ್ ಪ್ರಿಯರನ್ನು ಮಾತಿನಲ್ಲಿ ಗೆಲ್ಲಬೇಕು. ಅದಕ್ಕೆ ಹನ್ನೆರಡನ್ನೂ ಮೊದಲಿನಿಂದ ಕೊನೆಯವರೆಗೆ, ಒಂದಲ್ಲ ಹತ್ತು ಸಲ, ಕೇಳಿ ಬಂದಿರಬೇಕು. 1992ರಿಂದ ಎರಡು ದಶಕಕ್ಕೂ ಮಿಕ್ಕಿ ಈ ತಂಡದ ಅಧ್ಯಕ್ಷರಾಗಿದ್ದವರು ಸೈಮನ್ ಫ್ರಿತ್. ಜನಪ್ರಿಯ ಸಂಗೀತವನ್ನು ವಿಶ್ವವಿದ್ಯಾಲಯದ ಗಂಭೀರ ಅಧ್ಯಯನದ ವಿಷಯವನ್ನಾಗಿ ಮಾಡಿದ ಸಮಾಜಶಾಸ್ತ್ರಜ್ಞ, ಜೊತೆಗೆ ರಾಕ್ ವಿಮರ್ಶಕ. ಉದ್ಯಮದವರು ಕಟ್ಟಿದ ಪ್ರಶಸ್ತಿಯ ತೀರ್ಪಿನ ಕುರ್ಚಿಯಲ್ಲಿ ಒಬ್ಬ ಪ್ರಾಧ್ಯಾಪಕರನ್ನು ಕೂರಿಸಿದ್ದು ಸಣ್ಣ ವಿಷಯವಲ್ಲ. ಎಷ್ಟು ಪ್ರತಿ ಮಾರಾಟವಾಯಿತು ಎಂಬ ಲೆಕ್ಕ ಆ ಕೋಣೆಗೆ ಬರಬಾರದು ಎಂಬುದು ಮೊದಲಿನಿಂದಲೂ ಇರುವ ಕಟ್ಟಳೆ.

ಸುಶೀಲಾ ರಾಮನ್ ಪಟ್ಟಿಯಲ್ಲಿದ್ದ ವರ್ಷದ ಸಮಾರಂಭ ನಡೆದ ದಿನ 2001ರ ಸೆಪ್ಟೆಂಬರ್ 11. ಆ ಮಧ್ಯಾಹ್ನ ನ್ಯೂಯಾರ್ಕಿನ ಸುದ್ದಿ ಲಂಡನ್ನಿಗೆ ಬಂದಿತ್ತು. ಸಮಾರಂಭ ನಿಲ್ಲಲಿಲ್ಲ, ಆದರೆ ಸಂಭ್ರಮ ಯಾರಿಗೂ ಬೇಕಿರಲಿಲ್ಲ. ಗೆದ್ದದ್ದು ಪಿ.ಜೆ. ಹಾರ್ವಿಯ ‘ಸ್ಟೋರೀಸ್ ಫ್ರಮ್ ದ ಸಿಟಿ, ಸ್ಟೋರೀಸ್ ಫ್ರಮ್ ದ ಸೀ’. ಆ ಆಲ್ಬಮ್ಮಿನ ನಗರ ಬಹುಪಾಲು ನ್ಯೂಯಾರ್ಕೇ. ಆಕೆ ಅಲ್ಲಿ ಕಳೆದ ದಿನಗಳಿಂದ ಹುಟ್ಟಿದ ಹಾಡುಗಳು. ಅಂದು ಆಕೆ ಲಂಡನ್ನಿನಲ್ಲಿರಲಿಲ್ಲ. ಕಾರ್ಯಕ್ರಮಕ್ಕೆಂದು ಹೋಗಿ ವಾಷಿಂಗ್ಟನ್ನಿನ ಹೋಟೆಲಿನಲ್ಲಿದ್ದಳು. ಅದೇ ಊರಿನ ಪಕ್ಕದಲ್ಲಿ ಪೆಂಟಗನ್ ಉರಿಯುತ್ತಿತ್ತು. ಪ್ರಶಸ್ತಿಯನ್ನು ಫೋನಿನಲ್ಲೇ ಸ್ವೀಕರಿಸಿದಳು. ಹತ್ತು ವರ್ಷದ ಮೇಲೆ, 2011ರಲ್ಲಿ, ಯುದ್ಧಗಳನ್ನೇ ಕುರಿತ ‘ಲೆಟ್ ಇಂಗ್ಲೆಂಡ್ ಶೇಕ್’ ಆಕೆಗೆ ಮತ್ತೊಮ್ಮೆ ಮರ್ಕ್ಯುರಿ ತಂದಿತು. ಎರಡು ಸಲ ಗೆದ್ದವರು ಇದುವರೆಗೆ ಆಕೆಯೊಬ್ಬಳೇ.

ಭಾರತದ ಮೂಲದವರು ಗೆದ್ದದ್ದೂ ಇದೆ. 1999ರ ವಿಜೇತ ಟಾಲ್ವಿನ್ ಸಿಂಗ್ ತಬಲಾ ವಾದಕ. ಲಂಡನ್ನಿನಲ್ಲಿ ಬೆಳೆದ ಹುಡುಗ. ಹದಿಹರೆಯದಲ್ಲಿ ಪಂಜಾಬಿಗೆ ಹೋಗಿ ಉಸ್ತಾದ್ ಲಛ್ಮನ್ ಸಿಂಗ್ ಅವರ ಬಳಿ ಪಂಜಾಬ್ ಘರಾನೆಯ ತಬಲಾ ಕಲಿತು ಬಂದ. ತೊಂಬತ್ತರ ದಶಕದಲ್ಲಿ ಲಂಡನ್ನಿನ ಬ್ಲೂ ನೋಟ್ ಕ್ಲಬ್ಬಿನಲ್ಲಿ ‘ಅನೋಖಾ’ ಎಂಬ ರಾತ್ರಿಗಳನ್ನು ನಡೆಸಿದ. ಎಲೆಕ್ಟ್ರಾನಿಕ್ ಲಯದ ಮೇಲೆ ತಬಲಾ ಬಡಿಯುವ ಆ ರಾತ್ರಿಗಳಿಗೆ ಏಷ್ಯಾ ಮೂಲದ ಹುಡುಗ ಹುಡುಗಿಯರು ಸಾಲುಗಟ್ಟಿದರು. ಅವನ ಆಲ್ಬಮ್ ‘ಓಕೆ’ಯಲ್ಲಿ ಜಪಾನಿನ ಒಕಿನಾವಾ ದ್ವೀಪದ ಗಾಯಕಿಯರ ದನಿಯೂ ಇದೆ, ನಮ್ಮ ಕಡೆಯ ತಂತಿವಾದ್ಯಗಳ ಸದ್ದೂ ಇದೆ. ಆ ವರ್ಷ ಪಟ್ಟಿಯಲ್ಲಿ ಬ್ಲರ್ ಇತ್ತು, ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಇತ್ತು, ಕೆಮಿಕಲ್ ಬ್ರದರ್ಸ್ ಇತ್ತು. ಒಂದೊಂದೂ ಲಕ್ಷಗಟ್ಟಲೆ ಮಾರಾಟವಾಗುವ ಹೆಸರು. ಅವರನ್ನೆಲ್ಲ ದಾಟಿ ತಬಲಾದವನ ಹೆಸರು ಕೂಗಿದರು. ಅವನಿಗಿಂತ ಮುಂಚೆ 1993ರ ಪಟ್ಟಿಯಲ್ಲಿ ಅಪಾಚೆ ಇಂಡಿಯನ್, 1998ರಲ್ಲಿ ಕಾರ್ನರ್‌ಶಾಪ್ ಮತ್ತು ಏಷ್ಯನ್ ಡಬ್ ಫೌಂಡೇಷನ್, ಅವನ ಮರುವರ್ಷ ನಿತಿನ್ ಸಾಹ್ನಿ, ಅದರ ಮರುವರ್ಷ ಸುಶೀಲಾ. ಇವರನ್ನೆಲ್ಲ ಪರದೇಶದ ಸಂಗೀತವೆಂದು ಬೇರೆ ವಿಭಾಗಕ್ಕೆ ತಳ್ಳದೆ ಬ್ರಿಟನ್ನಿನ ಸಂಗೀತ ಎಂದೇ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಕ್ಕೆ ಈ ಪ್ರಶಸ್ತಿಯ ಮೇಲೆ ನನಗೆ ಗೌರವ. ಒಳ್ಳೆಯ ಉದ್ದೇಶದಿಂದ ಮಾಡಿದ ವಿಭಾಗವೂ ಒಮ್ಮೊಮ್ಮೆ ಪಂಕ್ತಿಭೇದವೇ ಆಗಿಬಿಡುತ್ತದೆ.

ಪಟ್ಟಿಯಲ್ಲಿ ಹೆಸರು ಬಂದ ಹನ್ನೆರಡು ಮಂದಿಗೂ ‘ವರ್ಷದ ಆಲ್ಬಮ್’ ಎಂಬ ಫಲಕ ಸಿಗುತ್ತದೆ. ಗೆದ್ದವರಿಗೆ ಹಣ, ಮೊದಲು 20,000 ಪೌಂಡ್ ಇತ್ತು, ಆಮೇಲೆ 25,000 ಆಯಿತು. ಆ ಉದ್ಯಮದ ಲೆಕ್ಕದಲ್ಲಿ ದೊಡ್ಡ ಮೊತ್ತವಲ್ಲ. 1996ರಲ್ಲಿ ಗೆದ್ದ ಪಲ್ಪ್ ತಂಡ ಹಣವನ್ನು ವಾರ್ ಚೈಲ್ಡ್ ಸಂಸ್ಥೆಗೆ ಕೊಟ್ಟುಬಿಟ್ಟಿತು. ಬೋಸ್ನಿಯಾದ ಯುದ್ಧದಲ್ಲಿ ನಲುಗಿದ ಮಕ್ಕಳಿಗಾಗಿ, ಅದೇ ಸಂಸ್ಥೆಯ ಮೂಲಕ, ಹಲವು ತಂಡಗಳು ಸೇರಿ ಒಂದೇ ದಿನದಲ್ಲಿ ಧ್ವನಿಮುದ್ರಿಸಿದ ‘ಹೆಲ್ಪ್’ ಆಲ್ಬಮ್ಮೂ ಆ ವರ್ಷ ಅದೇ ಪಟ್ಟಿಯಲ್ಲಿತ್ತು.

ಹಣಕ್ಕಿಂತ ದೊಡ್ಡದು ಕಿವಿಗಳು. ಎಲ್ಬೋ ತಂಡದ ಕಥೆ ನೋಡಿ. ಮ್ಯಾಂಚೆಸ್ಟರಿನ ಹತ್ತಿರದ ಬರಿ ಎಂಬ ಊರಿನ ಗೆಳೆಯರು 1990ರಲ್ಲಿ ಕಟ್ಟಿಕೊಂಡ ತಂಡ. ಮೊದಲ ಆಲ್ಬಮ್ ಹೊರಬರುವುದಕ್ಕೇ ಹನ್ನೊಂದು ವರ್ಷ ಹಿಡಿಯಿತು. ಒಪ್ಪಂದ ಮಾಡಿಕೊಂಡಿದ್ದ ಕಂಪನಿ ಕೈಬದಲಾದಾಗ ಇವರನ್ನು ಕೈಬಿಟ್ಟಿತ್ತು. ಬಂದ ಆ ಮೊದಲ ಆಲ್ಬಮ್ 2001ರ ಅದೇ ಪಟ್ಟಿಯಲ್ಲಿತ್ತು, ‘ಸಾಲ್ಟ್ ರೈನ್’ ಪಕ್ಕದಲ್ಲಿ. ಗೆಲ್ಲಲಿಲ್ಲ. ಇನ್ನೂ ಎರಡು ಆಲ್ಬಮ್ ಮಾಡಿದರು. ವಿಮರ್ಶಕರು ಮೆಚ್ಚಿದರು, ಜನ ಅಷ್ಟಾಗಿ ಗಮನಿಸಲಿಲ್ಲ. ಮತ್ತೆ ಕಂಪನಿ ಬದಲಾಯಿತು. ತೀರಿಕೊಂಡ ಗೆಳೆಯನೊಬ್ಬನ ನೆನಪಿಗೆ ಅರ್ಪಿಸಿ ಅವರು ಮಾಡಿದ ನಾಲ್ಕನೆಯ ಆಲ್ಬಮ್ ‘ದ ಸೆಲ್ಡಮ್ ಸೀನ್ ಕಿಡ್’ 2008ರಲ್ಲಿ ಮರ್ಕ್ಯುರಿ ಗೆದ್ದಿತು. ಆಗ ತಂಡಕ್ಕೆ ಹದಿನೆಂಟು ವರ್ಷ. ಅಲ್ಲಿಂದ ಮುಂದೆ ಅವರು ದೊಡ್ಡ ದೊಡ್ಡ ಅರೇನಾಗಳನ್ನು ತುಂಬಿಸುವ ತಂಡವಾದರು. ಹದಿನೆಂಟು ವರ್ಷ ಒಬ್ಬರನ್ನೊಬ್ಬರು ಬಿಡದೆ ಉಳಿದದ್ದು ಅವರ ಸಾಧನೆ, ಅದನ್ನು ಪ್ರಶಸ್ತಿ ಕೊಟ್ಟದ್ದಲ್ಲ. ಆದರೆ ಆ ರಾತ್ರಿ ಇಲ್ಲದಿದ್ದರೆ ಎಷ್ಟು ಜನ ಅವರನ್ನು ಕೇಳುತ್ತಿದ್ದರೋ.

ಎಲ್ಲರಿಗೂ ಹೀಗೇ ಆಯಿತು ಎನ್ನುವಂತಿಲ್ಲ. ಮರುವರ್ಷ, 2009ರಲ್ಲಿ, ಗೆದ್ದ ಲಂಡನ್ನಿನ ರ‍್ಯಾಪರ್ ಸ್ಪೀಚ್ ಡೆಬೆಲ್‌ಳ ಆಲ್ಬಮ್ ಅಲ್ಲಿಯವರೆಗೆ ಮಾರಾಟವಾಗಿದ್ದದ್ದು ಕೆಲವೇ ಸಾವಿರ. ಗೆದ್ದ ಮೇಲೂ ಹೇಳಿಕೊಳ್ಳುವಷ್ಟು ಏರಲಿಲ್ಲ. ಪತ್ರಿಕೆಗಳು ಆಕೆಯನ್ನು, ಗೆದ್ದವರು ಆಮೇಲೆ ಮಂಕಾಗುತ್ತಾರೆ ಎಂಬ ‘ಮರ್ಕ್ಯುರಿಯ ಶಾಪ’ಕ್ಕೆ ಉದಾಹರಣೆಯೆಂದು ಬರೆದವು. ನನಗೆ ಇದು ಅನ್ಯಾಯವೆನಿಸುತ್ತದೆ. ಮಾರಾಟದ ಲೆಕ್ಕ ನೋಡದೆ ಕೊಟ್ಟ ಪ್ರಶಸ್ತಿಯನ್ನು ಆಮೇಲೆ ಮಾರಾಟದ ತಕ್ಕಡಿಯಲ್ಲೇ ಏಕೆ ತೂಗಬೇಕು?

ತಪ್ಪುಗಳೂ ಆಗಿವೆ, ಅದನ್ನು ಮುಚ್ಚಿಡುವುದಕ್ಕಾಗುವುದಿಲ್ಲ. 2007ರಲ್ಲಿ ಏಮಿ ವೈನ್‌ಹೌಸ್ ಆ ವೇದಿಕೆಯಲ್ಲಿ ಗಿಟಾರ್ ಒಂದನ್ನೇ ಜೊತೆಗಿಟ್ಟುಕೊಂಡು ಹಾಡಿದಳು. ಅದರ ವಿಡಿಯೊ ಇವತ್ತು ನೋಡಿದರೂ ಗಂಟಲು ಕಟ್ಟುತ್ತದೆ. ಸಡಗರವಿಲ್ಲದೆ, ಯಾರನ್ನೂ ಮೆಚ್ಚಿಸುವ ಹಂಬಲವಿಲ್ಲದೆ, ಒಬ್ಬಳೇ ತನಗೆ ತಾನು ಹಾಡಿಕೊಂಡಂತಿದೆ. ಆಕೆಯ ‘ಬ್ಯಾಕ್ ಟು ಬ್ಲ್ಯಾಕ್’ ಪಟ್ಟಿಯಲ್ಲಿತ್ತು. ಕೊಟ್ಟದ್ದು ಕ್ಲಾಕ್ಸನ್ಸ್ ತಂಡಕ್ಕೆ. ನಾಲ್ಕು ವರ್ಷದ ಮೇಲೆ, 27ನೇ ವಯಸ್ಸಿನಲ್ಲಿ, ಏಮಿ ತೀರಿಕೊಂಡಳು. ರೇಡಿಯೊಹೆಡ್ ಐದು ಸಲ ಪಟ್ಟಿಗೆ ಬಂದು ಒಮ್ಮೆಯೂ ಗೆಲ್ಲಲಿಲ್ಲ. 1997ರಲ್ಲಿ ಅವರ ‘ಓಕೆ ಕಂಪ್ಯೂಟರ್’ ಅನ್ನು ಸೋಲಿಸಿದ್ದು ಬ್ರಿಸ್ಟಲ್ ನಗರದ ರೋನಿ ಸೈಜ್ ತಂಡದ ‘ನ್ಯೂ ಫಾರ್ಮ್ಸ್’. ಇದನ್ನು ಮಾತ್ರ ನಾನು ತಪ್ಪು ಎನ್ನಲಾರೆ. ಕ್ಲಬ್ಬುಗಳಲ್ಲಿ ಹುಟ್ಟಿದ ಡ್ರಮ್ ಅಂಡ್ ಬೇಸ್ ಸಂಗೀತವನ್ನು ಇಡೀ ದೇಶ ಕೂತು ಕೇಳಿದ್ದು ಆ ತೀರ್ಪಿನ ಮೇಲೆ. 2003ರಲ್ಲಿ ಡಿಜ್ಜಿ ರ‍್ಯಾಸ್ಕಲ್ ಗೆದ್ದದ್ದೂ ಹಾಗೆಯೇ. ಪೂರ್ವ ಲಂಡನ್ನಿನ ಬಡಾವಣೆಯ ಹುಡುಗ. ಶಾಲೆಯ ಸಂಗೀತ ಕೋಣೆಯ ಕಂಪ್ಯೂಟರಿನಲ್ಲಿ ಲಯ ಕಟ್ಟುವುದನ್ನು ಕಲಿತವನು. ಉಳಿದ ತರಗತಿಗಳಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗನಿಗೆ ಸಂಗೀತದ ಮೇಷ್ಟ್ರು ಮಾತ್ರ ಬಾಗಿಲು ತೆರೆದಿಟ್ಟಿದ್ದರು. ಪ್ರಶಸ್ತಿ ಬಂದಾಗ ಅವನಿಗೆ 18 ವರ್ಷ.

ನನ್ನ ದೂರು ಬೇರೆ ಕಡೆಗಿದೆ. 1992ರ ಮೊದಲ ಪಟ್ಟಿಯಲ್ಲೇ ಜಾನ್ ಟ್ಯಾವನರ್ ಅವರ ಚೆಲ್ಲೋ ಕೃತಿ ‘ದ ಪ್ರೊಟೆಕ್ಟಿಂಗ್ ವೇಲ್’ ಇತ್ತು. ಪ್ರೈಮಲ್ ಸ್ಕ್ರೀಮ್‌ನಂಥ ರಾಕ್ ತಂಡದ ಜೊತೆ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಯೂ ಸಮಾನವಾಗಿ ಸ್ಪರ್ಧಿಸಬಹುದು ಎಂಬ ಧೈರ್ಯ ಆಗ ಇತ್ತು. 2002ರ ನಂತರ ಆ ಕಡೆಯಿಂದ ಯಾರೂ ಪಟ್ಟಿಗೆ ಬಂದಿಲ್ಲ. ಜಾಝ್ ಮತ್ತು ಜಾನಪದಕ್ಕೆ ವರ್ಷಕ್ಕೊಂದೊಂದು ಜಾಗ ಕೊಟ್ಟು ಕೈತೊಳೆದುಕೊಳ್ಳುತ್ತಾರೆ ಎಂಬ ಮಾತು ಬಹುಕಾಲ ಇತ್ತು. 2023ರಲ್ಲಿ ಎಜ್ರಾ ಕಲೆಕ್ಟಿವ್ ಎಂಬ ಯುವ ಜಾಝ್ ತಂಡ ಗೆದ್ದಾಗ ಆ ಮಾತಿಗೆ ಅರ್ಧ ಉತ್ತರ ಸಿಕ್ಕಿತು; ಸರ್ಕಾರೇತರ ಸಂಸ್ಥೆಯೊಂದು ಉಚಿತವಾಗಿ ನಡೆಸುವ ಯುವಕರ ಸಂಗೀತ ತರಬೇತಿಯಲ್ಲಿ ಭೇಟಿಯಾದ ಹುಡುಗರು ಅವರು. ಪೌರತ್ವದ ಕಟ್ಟಳೆಯೂ ಒಮ್ಮೆ ಎಡವಿತು. ಜಪಾನಿನಲ್ಲಿ ಹುಟ್ಟಿ ಚಿಕ್ಕಂದಿನಿಂದ ಲಂಡನ್ನಿನಲ್ಲೇ ಬೆಳೆದ ರೀನಾ ಸವಾಯಾಮಾಳ ಆಲ್ಬಮನ್ನು, ಆಕೆಗೆ ಬ್ರಿಟನ್ನಿನ ಪಾಸ್‌ಪೋರ್ಟ್ ಇಲ್ಲವೆಂದು, 2020ರಲ್ಲಿ ಪರಿಗಣನೆಗೇ ತೆಗೆದುಕೊಳ್ಳಲಿಲ್ಲ. ಆಕೆ ಅದನ್ನು ಬಹಿರಂಗವಾಗಿ ಪ್ರಶ್ನಿಸಿದಳು. ಮರುವರ್ಷವೇ ನಿಯಮ ತಿದ್ದಿ, ಐದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿ ನೆಲೆಸಿದವರಿಗೂ ಅವಕಾಶ ಮಾಡಿದರು.

ಈಗ ಹಾಡು ಕೇಳುವ ರೀತಿಯೇ ಬದಲಾಗಿದೆ. ಕ್ಯಾಸೆಟ್ ಕಾಲದಲ್ಲಿ ಎ ಸೈಡ್ ಮುಗಿದ ಮೇಲೆ ಎದ್ದು ಮಗುಚಿ ಹಾಕುತ್ತಿದ್ದೆವು. ‘ನಿತ್ಯೋತ್ಸವ’ ಮನೆಯಲ್ಲಿ ಓಡುತ್ತಿದ್ದಾಗ ಒಂದು ಹಾಡಿನ ಕೊನೆ ಬರುತ್ತಿದ್ದಂತೆಯೇ ಮುಂದಿನದರ ಪಲ್ಲವಿ ಬಾಯಿಗೆ ಬಂದಿರುತ್ತಿತ್ತು. ಆ ಕ್ರಮವೂ ಹಾಡಿನ ಭಾಗವೇ ಆಗಿತ್ತು. ಇಂದು ಫೋನು ತಾನೇ ಮುಂದಿನ ಹಾಡನ್ನು ಆರಿಸುತ್ತದೆ, ಅದು ಬೇರೆ ಯಾರದೋ ಆಗಿರುತ್ತದೆ. ಹೀಗಿರುವಾಗ ನಲವತ್ತೈದು ನಿಮಿಷದ ಒಂದು ಕೃತಿಯನ್ನು ಅದರ ಕಟ್ಟೋಣದ ಸಮೇತ, ಯಾವುದರ ನಂತರ ಯಾವುದು ಬರಬೇಕೆಂದು ಅದನ್ನು ಮಾಡಿದವರು ನಿದ್ದೆಗೆಟ್ಟು ಯೋಚಿಸಿದ ಕ್ರಮದ ಸಮೇತ, ತೂಗಿ ನೋಡುವವರು ವರ್ಷಕ್ಕೊಮ್ಮೆಯಾದರೂ ಸೇರುತ್ತಾರಲ್ಲ ಎಂಬುದೇ ನನಗೆ ದೊಡ್ಡದು. ಇದನ್ನು ನೋಡಿಯೇ ಕೆನಡಾದವರು 2006ರಲ್ಲಿ ಪೊಲಾರಿಸ್ ಎಂಬ ಪ್ರಶಸ್ತಿ ಕಟ್ಟಿಕೊಂಡರು. ಆಸ್ಟ್ರೇಲಿಯದಲ್ಲೂ ಐರ್ಲೆಂಡಿನಲ್ಲೂ ಅಂಥವು ಬಂದವು.

ಮರ್ಕ್ಯುರಿಯ 2015ರ ಸಮಾರಂಭ ನಡೆದದ್ದು ನವೆಂಬರಿನಲ್ಲಿ, ಪ್ಯಾರಿಸ್ಸಿನ ಬಟಕ್ಲಾನ್ ಸಭಾಂಗಣದಲ್ಲಿ ಸಂಗೀತ ಕೇಳಲು ಹೋದವರ ಮೇಲೆ ಗುಂಡಿನ ಮಳೆಗರೆದು ಒಂದು ವಾರವಾಗಿತ್ತು. ಗೆದ್ದವನು ಬೆಂಜಮಿನ್ ಕ್ಲೆಮೆಂಟೈನ್. ಲಂಡನ್ನಿನ ಹುಡುಗ, ಕೈಯಲ್ಲಿ ಕಾಸಿಲ್ಲದೆ ಪ್ಯಾರಿಸ್ಸಿಗೆ ಹೋಗಿ, ಮಲಗಲು ಸೂರಿಲ್ಲದ ದಿನಗಳನ್ನು ಕಳೆದು, ಮೆಟ್ರೊ ರೈಲುಗಳಲ್ಲಿ ಹಾಡಿ ಹೊಟ್ಟೆ ಹೊರೆದವನು. ಅವನನ್ನು ಮೊದಲು ಕೇಳಿದ್ದು ಆ ಊರು. ಹೆಸರು ಕೂಗಿದಾಗ ಅವನು ವೇದಿಕೆಗೆ ಹೋಗಿ, ಜೊತೆಗೆ ಪಟ್ಟಿಯಲ್ಲಿದ್ದ ಉಳಿದವರನ್ನೂ ಮೇಲಕ್ಕೆ ಕರೆದ. ಎಲ್ಲರೂ ಬಂದು ಸುತ್ತ ನಿಂತರು. ಪ್ಯಾರಿಸ್ಸಿನಲ್ಲಿ ಸತ್ತವರಿಗೆ ಪ್ರಶಸ್ತಿಯನ್ನು ಅರ್ಪಿಸುವಾಗ ಮಾತು ಹೊರಡದೆ ಅತ್ತುಬಿಟ್ಟ.

ಒಂದು ಮನೆಯ ವಿಷಯ ಹೇಳಬೇಕು. 1996ರ ಪಟ್ಟಿಯಲ್ಲಿ ನೋರ್ಮಾ ವಾಟರ್‌ಸನ್ ಎಂಬ ಜಾನಪದ ಗಾಯಕಿಯ ಹೆಸರಿತ್ತು. ಯಾರ್ಕ್‌ಶೈರಿನವರು, ಮನೆಮಂದಿಯ ಜೊತೆ ವಾದ್ಯವಿಲ್ಲದೆ ಹಾಡುತ್ತ ಬಂದವರು ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಒಬ್ಬರೇ ಮಾಡಿದ ಆಲ್ಬಮ್ ಅದು. ಪಲ್ಪ್ ಎದುರು ಕೂದಲೆಳೆಯಲ್ಲಿ ತಪ್ಪಿತೆಂದು ಈಗಲೂ ಹೇಳುತ್ತಾರೆ. ಎರಡು ವರ್ಷದ ಮೇಲೆ ಮಗಳು ಎಲೈಜಾ ಕಾರ್ತಿ ಪಟ್ಟಿಗೆ ಬಂದಳು, 2003ರಲ್ಲಿ ಮತ್ತೊಮ್ಮೆ. ಇಬ್ಬರಿಗೂ ಗೆಲುವು ಸಿಗಲಿಲ್ಲ. 2022ರ ಜನವರಿಯಲ್ಲಿ ನೋರ್ಮಾ ತೀರಿಕೊಂಡರು. ಅವರ ಗಂಡ ಮಾರ್ಟಿನ್ ಕಾರ್ತಿ ಅರವತ್ತರ ದಶಕದಿಂದ ಇಂಗ್ಲೆಂಡಿನ ಹಳೆಯ ಲಾವಣಿಗಳನ್ನು ಗಿಟಾರ್ ಹಿಡಿದು ಹಾಡುತ್ತ ಬಂದವರು. ‘ಸ್ಕಾರ್ಬರೊ ಫೇರ್’ ಎಂಬ ಹಾಡನ್ನು ಪಾಲ್ ಸೈಮನ್ ಕಲಿತದ್ದು ಇವರಿಂದಲೇ. ಸೈಮನ್ ಮತ್ತು ಗಾರ್ಫಂಕಲ್ ಅದನ್ನು ಹಾಡಿ ಲೋಕಪ್ರಸಿದ್ಧ ಮಾಡಿದರು.

2025ರ ಪಟ್ಟಿಯಲ್ಲಿ ಮಾರ್ಟಿನ್ ಕಾರ್ತಿ ಅವರ ಹೆಸರಿತ್ತು. ವಯಸ್ಸು 84, ಈ ಪಟ್ಟಿಗೆ ಬಂದವರಲ್ಲೆಲ್ಲ ಹಿರಿಯರು. ಸಮಾರಂಭ ಮೊದಲ ಬಾರಿಗೆ ಲಂಡನ್ನು ಬಿಟ್ಟು ಉತ್ತರದ ನ್ಯೂಕಾಸಲ್‌ಗೆ ಹೋಗಿತ್ತು. ಗೆದ್ದದ್ದು ಆ ಸೀಮೆಯವನೇ ಆದ ಸ್ಯಾಮ್ ಫೆಂಡರ್. ತನ್ನೂರಿನ ಜನರ ಬಗ್ಗೆ ಹಾಡು ಕಟ್ಟಿದವನಿಗೆ ತನ್ನೂರ ಜನರ ನಡುವೆಯೇ ಪ್ರಶಸ್ತಿ ಕೊಟ್ಟರು. ಕಾರ್ತಿಯವರ ಆಲ್ಬಮ್ಮಿನಲ್ಲಿ ಅದೇ ‘ಸ್ಕಾರ್ಬರೊ ಫೇರ್’ ಮತ್ತೆ ಇದೆ. ದನಿ ಈಗ ನಡುಗುತ್ತದೆ, ಉಸಿರು ಗಿಡ್ಡವಾಗಿದೆ, ಸಾಲಿನ ಕೊನೆಗೆ ಸ್ವರ ಜಾರಿದಂತಾಗಿ ಮತ್ತೆ ನಿಲ್ಲುತ್ತದೆ. ಪಕ್ಕದಲ್ಲಿ ಶೀಮಾ ಮುಖರ್ಜಿಯವರ ಸಿತಾರ್ ಅವರಿಗಾಗಿ ಕಾದು ಕಾದು ನುಡಿಯುತ್ತದೆ.